ಉಪ್ಪು ಬಂದ ಮೇಲೂ

ಎಂಗಡೀನಿನ ಈ ಕಣಿವೆಗೆ ಅಯೋಡಿನ್ ಬೆರೆತ ಉಪ್ಪು ಬಂದದ್ದು
ಲೂತ್ಸಿಯ ಅಜ್ಜನ ಕಾಲಕ್ಕೆ.
ಒಂದೇ ತಲೆಮಾರು, ಊರಿನ ಕೊರಳುಗಳೆಲ್ಲ ಇಳಿದವು.
ಗಳಗಂಡ ಮರೆಮಾಡಲು ಹೆಂಗಸರು ಕಟ್ಟುತ್ತಿದ್ದ
ಅಗಲದ ಕಪ್ಪು ಮಖಮಲ್ಲಿನ ಪಟ್ಟಿ, ಅದರ ಬೆಳ್ಳಿಯ ಕೊಂಡಿ
ಈಗ ಮ್ಯೂಸಿಯಮ್ಮಿನ ಗಾಜಿನೊಳಗೆ.

ಈ ಮನೆಯೊಂದನ್ನು ಬಿಟ್ಟು.

ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ;
ಇಲ್ಲಿ ಅದು ಬರೀ ರುಚಿಯಾಗಿ ಉಳಿಯಿತು.
ಅದೇ ಅಂಗಡಿಯ ಅದೇ ಉಪ್ಪು ತಿಂದು
ಲೂತ್ಸಿಯ ಕೊರಳು ಊದಿತು ಹದಿನಾಲ್ಕಕ್ಕೆ,
ತಂಗಿ ಬಾರ್ಬ್ಲಾಳದು ಹನ್ನೆರಡಕ್ಕೆ.
ಕಿವಿ ಇಬ್ಬರಿಗೂ ಹುಟ್ಟಿನಿಂದಲೇ ಕೇಳಿಸದು.

ನಾನು ಹೋದದ್ದು ಮೇ ತಿಂಗಳು, ರಕ್ತ ಕೇಳಲು.
ಸೂಜಿ, ನಾಲ್ಕು ನಳಿಕೆ, ಮಂಜುಗಡ್ಡೆಯ ಪೆಟ್ಟಿಗೆ,
ಮೂರು ಪುಟದ ಒಪ್ಪಿಗೆ ಪತ್ರ.
ನಡುವೆ ಕೂತವಳು ಬಾರ್ಬ್ಲಾಳ ಮಗಳು ಲಡೀನಾ,
ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಕಲಿತವಳು.
ಲೂತ್ಸಿ ಎರಡು ಪುಟ ಓದಿದ, ಮೂರನೆಯದಕ್ಕೆ ಸಹಿ ಹಾಕಿದ,
ತೋಳು ಚಾಚುವ ಮೊದಲು ಕೇಳಿದ:
"ಹಿಮದ ನೀರೇ?"

ನನಗೆ ತಿಳಿಯಲಿಲ್ಲ.
ಊರು ಆಡಿಕೊಂಡದ್ದನ್ನು ಲಡೀನಾ ಹೇಳಿದಳು:
ಬಸುರಿ ಮೆಂಜಾ ಹುಲ್ಲು ಕೊಯ್ಯಲು ಮೇಲೆ ಹೋದವಳು
ಕರಗಿದ ಹಿಮವನ್ನು ಬೊಗಸೆ ತುಂಬಿ ಕುಡಿದಳಂತೆ,
ಆ ತಣ್ಣೀರೇ ಕೂಸಿನ ಕಿವಿ ಕಟ್ಟಿತಂತೆ,
ಆಮೇಲೆ ಕೊರಳಿಗಿಳಿಯಿತಂತೆ.
ಈ ಅಂತೆಕಂತೆಯನ್ನೆಲ್ಲ ಕೇಳಿಸಿಕೊಂಡವಳು ಅವಳೊಬ್ಬಳೇ;
ಮಕ್ಕಳಿಗೆ ಕೇಳಿಸುತ್ತಿರಲಿಲ್ಲವಲ್ಲ.

ಎರಡನೆಯ ಬಸುರಿನಲ್ಲಿ ಕಾಯಿಸದ ನೀರನ್ನು
ಅವಳು ಒಂದು ಹನಿ ಮುಟ್ಟಲಿಲ್ಲ.
ಬಾರ್ಬ್ಲಾ ಹುಟ್ಟಿದಳು.
ತೊಟ್ಟಿಲ ಪಕ್ಕ ತಟ್ಟೆ ಬಿದ್ದರೂ ಬೆಚ್ಚಲಿಲ್ಲ.

ಲ್ಯಾಬಿನಲ್ಲಿ ಹನ್ನೊಂದು ವಾರ.
ಅಯೋಡಿನ್ ಬರುತ್ತಿದೆ, ಅನುಮಾನವಿಲ್ಲ,
ಗ್ರಂಥಿಯ ಹೊಸ್ತಿಲು ದಾಟುತ್ತಿದೆ,
ನಡುಮನೆಗೆ ಮಾತ್ರ ಹೋಗುತ್ತಿಲ್ಲ.
ಒಂದಿಷ್ಟು ಪರ್‌ಕ್ಲೋರೇಟ್ ಕುಡಿಸಿದರೆ ಸಾಕು
ಬಂದ ದಾರಿಯಲ್ಲೇ ಹೊರಟುಬಿಡುತ್ತದೆ,
ಜಗಲಿಯಲ್ಲಿ ಕೂತು ಕೂತು ಬೇಸತ್ತು ಎದ್ದ ನೆಂಟನ ಹಾಗೆ.
ಬಾಗಿಲಿದೆ, ಕೀಲು ಸರಿಯಿಲ್ಲ.
ಅದನ್ನು ಮಾಡುವ ಬರಹದ ಸಾವಿರಾರು ಅಕ್ಷರಗಳಲ್ಲಿ
ಒಂದು, ಒಂದೇ ಒಂದು,
ಕೊಂಬು ಬಿದ್ದುಹೋದ ಪದದಂತೆ ಬೇರೆಯಾಗಿದೆ.
ಕಿವಿಯ ಒಳಸುಳಿಯಲ್ಲೂ ಇರುವುದು ಅದೇ ಬಾಗಿಲು.

ಮೆಂಜಾಳಲ್ಲಿ ಒಂದು ಪ್ರತಿ ಕೆಟ್ಟದ್ದು, ಒಂದು ನೆಟ್ಟಗಿನದು.
ಗಂಡ ಫ್ಲೂರಿನ್‌ಗೂ ಹಾಗೆಯೇ ಇದ್ದಿರಬೇಕು.
ನೆಟ್ಟಗಿನದರ ಬಲದಲ್ಲಿ ಇಬ್ಬರೂ
ಚರ್ಚಿನಲ್ಲಿ ಹಾಡಿಕೊಂಡಿದ್ದರು, ಅಲ್ಲೇ ಮದುವೆಯಾದರು.

ಪ್ರಬಂಧದಲ್ಲಿ ಇದು ಏಳನೆಯ ಕುಟುಂಬ,
ಎರಡು ಚೌಕ ಎರಡು ವೃತ್ತ, ಒಂದೊಂದರಲ್ಲಿ ಮಸಿ ತುಂಬಿದೆ.

ಸೆಪ್ಟೆಂಬರಿನಲ್ಲಿ ಮತ್ತೆ ಹೋದೆ, ಹೇಳಲು.
ಜೀನ್ ಎಂಬುದಕ್ಕೆ ಅವರ ಮನೆಯ ಸನ್ನೆಯಲ್ಲಿ ಪದವಿಲ್ಲ.
ಲಡೀನಾ ಬೆರಳಲ್ಲಿ ಅಕ್ಷರ ಅಕ್ಷರ ಬಿಡಿಸಿದಳು, ತಡವರಿಸಿದಳು.
ಲೂತ್ಸಿ ಬಡಗಿ. ತಾಳ್ಮೆಗೆಟ್ಟು ಎದ್ದು
ಮೊಳೆಗೆ ನೇತುಹಾಕಿದ್ದ ಎರಡು ತುಕ್ಕು ಕೀಲು ತಂದು
ಮೇಜಿನ ಮೇಲಿಟ್ಟ:
ಇದು ಅಮ್ಮನದು? ಇದು ಅಪ್ಪನದು?
ಹೌದೆಂದೆ.
ಎರಡೂ ಸೊಟ್ಟವೇ ನನಗೆ ಸಿಕ್ಕವು?
ಹೌದು.
ಹಿಮ?
ಅಲ್ಲ.

ಕೊರಳಿಗೆ ಮಾತ್ರೆ ಉಂಟು, ದಿನಾ ನುಂಗುತ್ತಿದ್ದೀರಿ,
ಕಿವಿಗೆ ನನ್ನ ಹತ್ತಿರ ಏನೂ ಇಲ್ಲ ಎಂದೆ.
ಎಪ್ಪತ್ತೊಂದರ ಮುದುಕ ಸದ್ದುಮಾಡಿ ನಕ್ಕ:
ಕಿವಿ ಯಾರು ಕೇಳಿದರು ನಿನ್ನ?

ಟೊಪ್ಪಿ ಹಾಕಿಕೊಂಡು ನಡೆದ. ಹಿಂದೆ ನಾವಿಬ್ಬರು.
ಚರ್ಚಿನ ಹಿತ್ತಲಿನ ಮೂರನೆಯ ಸಾಲು,
ಪಾಚಿ ಕೂತ ಕಲ್ಲಿನೆದುರು ನಿಂತು
ಎರಡೂ ಕೈ ಎತ್ತಿ ಮಾತಾಡತೊಡಗಿದ, ಬಿರುಸಾಗಿ,
ಮಧ್ಯೆ ಮಧ್ಯೆ ಕಣ್ಣೊರೆಸಲು ಮಾತು ನಿಲ್ಲಿಸಬೇಕಾಗಿ ಬಂತು,
ಇರುವುದು ಅವೇ ಕೈಗಳಲ್ಲವೇ.

ಲಡೀನಾ ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ.
ನನಗೆ ಗೊತ್ತಾದದ್ದು ಬಾಗಿಲು.
ಆಮೇಲೆ ಬೊಗಸೆ, ತುಟಿಯವರೆಗೆ ಎತ್ತಿದ ಬೊಗಸೆ,
ಮತ್ತೆ ಕಲ್ಲಿನ ಕಡೆ ಚಾಚಿ,
ಮತ್ತೆ ಎತ್ತಿ:
ಕುಡಿ.