ಸೀಮಾಂತ

ಮೊದಲ ಗೋಳಿಬಜೆಗೆ ಹತ್ತು, ಎರಡನೆಯದಕ್ಕೆ ಏಳು,
ಐದನೆಯದು ಸೊನ್ನೆ.
ಸೀಮಾಂತ ತುಷ್ಟಿಗುಣ ಅಂದರೆ ಇಷ್ಟೇ.
ಬೆಳ್ಚಪ್ಪಾಡ ಸರ್, ಮೂವತ್ತೊಂದು ಜೂನ್,
ಅದೇ ಗೋಳಿಬಜೆ.

ಇಳಿಯುವ ರೇಖೆಗೆ ಬೋರ್ಡು ಬೇಕಿರಲಿಲ್ಲ,
ಕನ್ನಡ ಮಾಧ್ಯಮದ ಹಾಜರಿ ಪುಸ್ತಕವಿತ್ತು:
ಅರುವತ್ತು, ಇಪ್ಪತ್ತೆರಡು,
ಕೊನೆಯ ವರ್ಷ ನಾವು ಆರು ಮಂದಿ,
ಅದರಲ್ಲಿ ನಬೀಸಾ ಮದುವೆಯಾಗಿ ಹೋದಳು.

ಪಿಂಚಣಿ ಕಾಗದ ಮಲಯಾಳದಲ್ಲಿ.
ಕಾಸರಗೋಡು ಖಜಾನೆಯ ಮೆಟ್ಟಿಲಲ್ಲಿ ನನ್ನ ಕೈಗಿತ್ತರು:
"ಮಾತು ಬರ್ತದೆ, ಅಕ್ಷರ ಇಲ್ಲ. ಓದು ಮಾರಾಯ."
ಓದಿದೆ.
ಸಹಿ ಮಾತ್ರ ಕನ್ನಡದಲ್ಲಿ, ಗೆರೆ ದಾಟಿತು.

ಎದುರಿನ ಹೋಟೆಲಿನಲ್ಲಿ ಒಂದು ಪ್ಲೇಟು, ಮತ್ತೊಂದು ಪ್ಲೇಟು.
ಐದನೆಯದನ್ನು ಮುರಿದು, ಚಟ್ನಿಯಲ್ಲಿ ಅದ್ದಿ
ತುಸು ಹೊತ್ತು ಸುಮ್ಮನಿದ್ದರು.
"ಇಷ್ಟು ವರ್ಷ ಎರಡರಾಚೆ ತಿಂದೇ ಇರಲಿಲ್ಲ,
ಗ್ಯಾಸ್ಟ್ರಿಕ್ ಅಂತ."
ಆರನೆಯದಕ್ಕೆ ಕೈ ಹಾಕಿದರು.