ಕೈಗಡ

ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆಯ ಬಾಗಿಲು ತೆರೆಯುತ್ತೇನೆ.
ಮೂವತ್ತೇಳು ಡಿಗ್ರಿ, ಬಾಣಂತಿಯ ಕೋಣೆಯಂಥ ಶಾಖ.
ರಾತ್ರಿಯಿಡೀ ಒಳಗೆ ಕೂತವರು
ತಟ್ಟೆ ತುಂಬ ಬೆಳೆದಿದ್ದಾರೆ, ಮಂಜು ಹಾಸಿದ ಹಾಗೆ.
ಅದರ ಮೇಲೆ ನಾನು ನಿನ್ನೆ ಇಟ್ಟ
ಆರು ಕಾಗದದ ಬಿಲ್ಲೆ, ಒಂದೊಂದಕ್ಕೂ ಒಂದೊಂದು ಮದ್ದು.

ಮದ್ದು ನಾಟಿದ್ದರೆ ಬಿಲ್ಲೆಯ ಸುತ್ತ ಬಯಲು ಬಿದ್ದಿರುತ್ತದೆ,
ಕಣದಲ್ಲಿ ಮೇಟಿಯ ಸುತ್ತ ಎತ್ತು ತುಳಿದಂತೆ ದುಂಡಗೆ.
ಸ್ಕೇಲು ಹಿಡಿದು ಆ ಬಯಲು ಅಳೆಯುವುದು ನನ್ನ ಕೆಲಸ,
ಹದಿನಾಲ್ಕು ವರ್ಷದಿಂದ, ಮಿರಜಿನ ಈ ಆಸ್ಪತ್ರೆಯಲ್ಲಿ.
ಇವತ್ತು ಅಳೆಯಲು ಏನೂ ಇಲ್ಲ.
ಮಂಜು ಬಿಲ್ಲೆಯ ಅಂಚಿಗೇ ಬಂದು ಮುಟ್ಟಿದೆ,
ಮೆರೋಪೆನೆಮ್ಮಿನ ಬಿಲ್ಲೆಗೂ.

ಏಳನೇ ಮಂಚ. ಶೇಡಬಾಳದ ಪಾಯಗೊಂಡ.
ಕಬ್ಬಿನ ಗಾಡಿ ಮಗುಚಿ ಸೊಂಟ ಮುರಿದು ಬಂದವನು,
ಮೂತ್ರಕ್ಕೆ ನಳಿಗೆ ಹಾಕಿ ಹನ್ನೊಂದು ದಿನ.
ಜ್ವರಕ್ಕೆ, ಕೆಮ್ಮಿಗೆ, ಅಂಗಡಿಯಿಂದಲೇ ಗುಳಿಗೆ ತಂದು
ಎರಡು ದಿನ ನುಂಗಿ ಉಳಿದದ್ದು ಗೂಡಿಗೆ ಸೇರಿಸಿದವನು.
ಅವನ ಹುಳಕ್ಕೆ ಹೆಸರಿದೆ, ಇ. ಕೋಲಿ,
ಎಲ್ಲರ ಕರುಳಿನ ಹಳೆಯ ಬಾಡಿಗೆದಾರ.

ಎಂಟನೇ ಮಂಚ. ದಸ್ತಗೀರ ಶಿಕಲಗಾರ.
ಅಜ್ಜಂದಿರು ಕತ್ತಿಗೆ ಸಾಣೆ ಹಿಡಿದರು, ಇವನು ಸಿತಾರಿಗೆ
ಸೋರೆಬುರುಡೆ ಕೊರೆಯುವವನು; ಉಳಿ ಜಾರಿ ತೊಡೆಗೆ ನಾಟಿತ್ತು.
ಕ್ಲೆಬ್ಸಿಯೆಲ್ಲಾ: ತಂತಿಗೆ ಅಂಟಿ ಲೋಳೆಲೋಳೆಯಾಗಿ ಎಳೆ ಬರುವ
ಬೇರೆಯೇ ಕುಲ, ಬೇರೆಯೇ ಗೋತ್ರ.
ಹೋದ ವಾರ ಅವನ ತಟ್ಟೆಯಲ್ಲಿ ಬಯಲು ಇಪ್ಪತ್ತಾರು.
ಇವತ್ತು ಸೊನ್ನೆ.
ಏಳರ ಕಾಗದದಲ್ಲಿ ಯಾವ ಸಾಲಿಗೆ ಆರ್ ಬರೆದೆನೋ
ಎಂಟರಲ್ಲೂ ಅದೇ ಸಾಲಿಗೆ ಆರ್,
ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಹಾಗೆ.

ಡಾಕ್ಟರ್ ಕೇತಕಿ ಹಾಳಾದ ಫಾರ್ಮಿನ ಬೆನ್ನಿಗೆ
ಒಂದು ಉದ್ದ ಗುಳಿಗೆ ಬರೆದಳು, ಅದರೊಳಗೊಂದು ಪುಟ್ಟ ಬಳೆ.
ಪ್ಲಾಸ್ಮಿಡ್, ಅಂದಳು. ಮೈಯ ದೊಡ್ಡ ಗ್ರಂಥಕ್ಕೆ ಸೇರದ
ಬಿಡಿ ಚೀಟಿ; ದುಂಡಗೆ ಬರೆದದ್ದು, ಮೊದಲಿಲ್ಲ, ತುದಿಯಿಲ್ಲ.
ಪಕ್ಕದ ಮೈಗೊಂದು ನೂಲು ಚಾಚಿ
ಬಳೆಯ ಒಂದೆಳೆ ಬಿಚ್ಚಿ ದಾಟಿಸುತ್ತದೆ,
ಇಲ್ಲೂ ಉಳಿಯುತ್ತದೆ, ಅಲ್ಲೂ ಬಳೆಯಾಗುತ್ತದೆ.
ತಾಯಿಯಿಂದ ಮಗಳಿಗೆ ಬಂದ ಒಡವೆಯಲ್ಲ ಇದು,
ನೆರೆಯವಳು ನೆರೆಯವಳಿಗೆ ಕೊಟ್ಟ ಕೈಗಡ.

ನಾನು ನಕ್ಕೆನೋ ಏನೋ.
ಪಾಯಗೊಂಡನ ಹೆಂಡತಿ ದಸ್ತಗೀರನ ತಾಯಿಯ ಕೈಯ
ನೀರು ಕುಡಿಯುವುದಿಲ್ಲ, ರೊಟ್ಟಿ ಮುಟ್ಟುವುದಿಲ್ಲ,
ಮಾತು ಮಾತ್ರ ಆಡುತ್ತಾಳೆ, ಅರ್ಧ ಮರಾಠಿ ಅರ್ಧ ಕನ್ನಡ.
ಅವರ ನಡುವೆ ಮೂರು ಅಡಿ, ಒಂದು ಹಸಿರು ಪರದೆ.
ಪರದೆಯ ಕೆಳಗಿನಿಂದ ಹುಳಗಳು
ಕೊಟ್ಟು ತಂದು ಬೀಗರಾಗಿ ಎಷ್ಟು ದಿನವಾಯಿತೋ.

ಯಾವ ದಾರಿ ಹಿಡಿದವು? ಪರದೆ ಸರಿಸಿದ ಕೈ,
ಎರಡೂ ಮಂಚಕ್ಕೆ ಒಂದೇ ಉಚ್ಚೆಯ ಜಗ್ಗು,
ಮೊಣಕೈಯಿಂದ ತಿರುವುವ ನಲ್ಲಿ ಮುರಿದು
ಬೆರಳಿನಿಂದ ತಿರುವುತ್ತಿರುವ ಬೇಸಿನ್ನು.
ಸಿಸ್ಟರ್ ಸುವಾರ್ತಾ ಆ ನಲ್ಲಿಗೆ ಮೂರು ಅರ್ಜಿ ಬರೆದಿದ್ದಾಳೆ.
ರಾತ್ರಿ ಪಾಳಿ, ಮೂವತ್ತೆರಡು ಮಂಚ, ಅವಳೊಬ್ಬಳು.
ಅವಳ ಕೈಯನ್ನು ಬೈಯಲು ನನಗೆ ಬಾಯಿಲ್ಲ.

ಹತ್ತಿ ಕಡ್ಡಿಯನ್ನು ಬೇಸಿನ್ನಿನ ತೂತಿಗೆ ಇಳಿಸಿ ತೆಗೆದೆ.
ತಟ್ಟೆಗೆ ಗೀರಿ ತಾರೀಖು ಬರೆದೆ.
ವಾರ್ಡಿಗೆ ಫೋನು: ಇನ್ನು ಕೊಲಿಸ್ಟಿನ್ ನೋಡಬೇಕು, ಡಾಕ್ಟರ್,
ಕಿಡ್ನಿಗೆ ಭಾರ, ನಿಮಗೆ ಗೊತ್ತೇ ಇದೆ.
ಆ ಕಡೆ ಕೊಂಚ ಹೊತ್ತು ಮಾತಿಲ್ಲ.
ಹಿಂದೆ ಎಲ್ಲೋ ಯಾರೋ ಚಮಚ ಬೀಳಿಸಿದ ಸದ್ದು.

ಸಂಜೆ ಮ್ಹೈಸಾಳದ ಬಸ್ಸು.
ಬಾಗಿಲಲ್ಲಿ ಪಕ್ಕದ ಮನೆಯ ಸೋನಾಬಾಯಿ, ಸ್ಟೀಲಿನ ಬಟ್ಟಲು:
“ಹೆಪ್ಪಿಗಿ ಒಂದೀಟ ಮೊಸರ ಕೊಡ್ವಾ.”
ಕೈ ತೊಳೆದೆ. ಉಗುರು ನೋಡಿ ಇನ್ನೊಮ್ಮೆ ತೊಳೆದೆ.
“ಎಷ್ಟ ಮಡಿ ಮಾಡ್ತಿ ಬೇ,” ಅಂತ ನಕ್ಕಳು.
ಬಟ್ಟಲಿಗೆ ಅರ್ಧ ಚಮಚ ಹಾಕಿದೆ.
ನನ್ನ ಗಡಿಗೆಯಲ್ಲಿ ಏನೂ ಕಡಿಮೆಯಾಗಲಿಲ್ಲ.