ನಾಲ್ಕು ಗಜ

ಬಫಲೋ, ಡಿಸೆಂಬರ್. ಸರೋವರದ ಗಾಳಿ
ಕಿಟಕಿಗೆ ಒದೆಯುತ್ತಿದೆ. ಟೀವಿಗೆ ಸದ್ದಿಲ್ಲ.
ಕಾಜಿಮಿರ್ ವ್ರೋನಾ, ಹನ್ನೊಂದು ವರ್ಷ ಎಡಬದಿಯ ಗಾರ್ಡ್,
ಲೋಹದ ಮಂಡಿಗಳ ಮೇಲೆ ಕಂಬಳಿ ಎಳೆದುಕೊಂಡು ಕೂತಿದ್ದಾನೆ.

ಮಗಳು ಡೊರೋಟಾ ತಂಡವೊಂದಕ್ಕೆ ಲೆಕ್ಕ ಬರೆಯುವವಳು.
"ಎಸೆದರೆ ಸರಾಸರಿ ಏಳು ಗಜ, ಅಪ್ಪ.
ಹೊತ್ತು ಓಡಿದರೆ ನಾಲ್ಕೂಕಾಲು.
ಓಡಿ ಗೆಲ್ಲುವುದಿಲ್ಲ ಯಾರೂ;
ಗೆದ್ದಾದ ಮೇಲೆ ಓಡುತ್ತಾರೆ, ಗಡಿಯಾರ ಕರಗಿಸಲು."

ಅವನಿಗೆ ಗೊತ್ತಿಲ್ಲದ್ದೇನಲ್ಲ.
ಆದರೂ ಹನಿ ಹನಿ ಕೂಡಿಸಿ ಹಳ್ಳ ಮಾಡಿದ ಕಾಲ ಅವನದು:
ಕೆಸರು, ಎದುರಾಳಿಯ ಬೆವರು, ಬಾಯೊಳಗೆ ಹುಲ್ಲು,
ಬೆನ್ನ ಹಿಂದೆ ಚೆಂಡು ಉಳಿಯಿತೋ ಹೋಯಿತೋ
ಜನರ ಕೂಗಿನಿಂದಲೇ ತಿಳಿಯಬೇಕು.

"ಗಾಳಿಗೆ ಬಿಟ್ಟ ಚೆಂಡು ಯಾರಪ್ಪನ ಗಂಟು?" ಅಂದ.
"ಅದಕ್ಕೂ ಲೆಕ್ಕ ಇದೆ. ನೂರಕ್ಕೆ ಎರಡು ಅವರ ಪಾಲು."
"ಎಸೆಯುವವನು ಎಷ್ಟು ಹೊತ್ತು ನಿಂತಿರ್ತಾನೆ?"
"ಎರಡೂವರೆ ಸೆಕೆಂಡು. ಮೂರಾದರೆ ಪುಣ್ಯ."
"ಆ ಪುಣ್ಯ ಯಾವ ಕಾಲಮ್ಮಿನಲ್ಲಿದೆ?"

ಡೊರೋಟಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದಳು.
ಇದೆ, ಅನ್ನಬಹುದಿತ್ತು. ಹೋದ ವರ್ಷವೇ ಸೇರಿಸಿದ್ದಳು,
ಪ್ರತಿ ಗಾರ್ಡಿಗೂ ಒಂದೊಂದು ದಶಾಂಶ.
ಅನ್ನಲಿಲ್ಲ.

ಅವನು ಬಿಯರಿಗೆಂದು ಎದ್ದ. ಮೊದಲ ಸಲ
ಕುರ್ಚಿಯೇ ಗೆದ್ದಿತು. ಎರಡನೆಯದಕ್ಕೆ ನಿಂತ.
ಫ್ರಿಜ್ಜಿಗೆ ನಾಲ್ಕು ಗಜ.
ಅವಳಾಗಲೇ ಅಲ್ಲಿದ್ದಳು, ಕೈಯಲ್ಲಿ ತಣ್ಣನೆಯ ಕ್ಯಾನು.
"ಎಸೀಲಾ, ಅಪ್ಪ?"
"ಬೇಡ," ಅಂದ, ಗೋಡೆ ಹಿಡಿದು,
"ಬರ್ತಾ ಇದ್ದೀನಿ."